ಮೀನಿನ ಲೋಳೆಯಲ್ಲಿರುವ ಪ್ರೋಟೀನು ಬ್ಯಾಕ್ಟೀರಿಯಾವನ್ನು ಕೊಲ್ಲುವ ಬಗೆ: ಕೃಷಿ ಹೊಂಡದ ಮೀನು ಸಾಕಣೆದಾರರ ಚರ್ಚೆ

ಹೊಂಡದ ರೈತ, ಬಸವನ ಬಾಗೇವಾಡಿ

ಬಳಗದ ಎಲ್ಲರಿಗೂ ನಮಸ್ಕಾರ. ದ್ರಾಕ್ಷಿ ತೋಟಕ್ಕೆಂದು ತೋಡಿಸಿದ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಮತ್ತು ಸಾಮಾನ್ಯ ಗೆಂಡೆಯ ಮರಿಗಳನ್ನು ಬಿಟ್ಟಿದ್ದೇನೆ. ಚಳಿ ಹಿಡಿದ ಮೇಲೆ ಕೆಲವು ಕಾಟ್ಲಾಗಳ ಬೆನ್ನಿನ ಮೇಲೆ ಹುರುಪೆ ಎದ್ದು, ಅದರ ಕೆಳಗೆ ಕೆಂಪು ಕಲೆ ಕಾಣಿಸಿಕೊಂಡಿದೆ. ಗೆಂಡೆಗಳಿಗೆ ಏನೂ ಆಗಿಲ್ಲ. ಔಷಧಿ ಅಂಗಡಿಯವರು ಆಂಟಿಬಯೋಟಿಕ್ ಪುಡಿಯ ಪೊಟ್ಟಣ ಕೊಟ್ಟು, ತೌಡಿನಲ್ಲಿ ಕಲಸಿ ಹಾಕಿರಿ ಎಂದರು. ನಮ್ಮ ಕಾಕಾ ಮಾತ್ರ, ಮೀನಿನ ಮೈಮೇಲಿನ ಲೋಳೆಯೇ ಅದಕ್ಕೆ ಔಷಧ, ಅದನ್ನು ಕೆಡಿಸಿ ಆಮೇಲೆ ಪುಡಿ ಹಾಕಿದರೆ ಏನೂ ಪ್ರಯೋಜನವಿಲ್ಲ ಎನ್ನುತ್ತಾರೆ. ಈ ಮಾತಿನಲ್ಲಿ ವಿಜ್ಞಾನ ಎಷ್ಟಿದೆ? ಲೋಳೆಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನು ನಿಜವಾಗಿಯೂ ಇದೆಯೇ, ಇದ್ದರೆ ಅದು ಹೇಗೆ ಕೆಲಸ ಮಾಡುತ್ತದೆ, ಅದು ಇದ್ದೂ ನನ್ನ ಮೀನಿಗೆ ಹುಣ್ಣು ಏಕೆ ಬಂತು ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕು.

ಸೂಕ್ಷ್ಮಜೀವಿಶಾಸ್ತ್ರ ಅಧ್ಯಾಪಕ, ಬೆಳಗಾವಿ

ನಿಮ್ಮ ಕಾಕಾ ಅವರ ಮಾತಿನಲ್ಲಿ ಮುಕ್ಕಾಲು ಪಾಲು ಹುರುಳಿದೆ. ನಮ್ಮ ಚರ್ಮದ ಹೊರಪದರವೆಂದರೆ ಕೆರಾಟಿನ್ ತುಂಬಿಕೊಂಡು ಸತ್ತ ಕೋಶಗಳ ಪದರ. ಮೀನಿಗೆ ಹಾಗಿಲ್ಲ, ಹುರುಪೆಯ ಮೇಲೂ ಅದಕ್ಕೆ ಜೀವಂತ ಕೋಶಗಳ ತೆಳುವಾದ ಹೊದಿಕೆ ಇರುತ್ತದೆ, ಆ ಹೊದಿಕೆ ಹಗಲೂ ರಾತ್ರಿ ಬ್ಯಾಕ್ಟೀರಿಯಾ ತುಂಬಿದ ನೀರಿಗೆ ತಗುಲಿಕೊಂಡೇ ಇರುತ್ತದೆ. ಮೇಲಾಗಿ ಮೀನಿನ ಮೈಶಾಖ ನೀರಿನ ಶಾಖವನ್ನೇ ಅನುಸರಿಸುವುದರಿಂದ, ನೀರು ತಣ್ಣಗಾದಾಗ ರೋಗಕ್ಕೆ ತಕ್ಕ ಪ್ರತಿಕಾಯಗಳು ಸಿದ್ಧವಾಗಲು ವಾರಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತು ಕಾಯದೆ, ಎದುರಿಗೆ ಬಂದದ್ದು ಯಾವ ಬ್ಯಾಕ್ಟೀರಿಯಾ ಎಂದು ಗುರುತಿಸುವ ಗೋಜಿಗೂ ಹೋಗದೆ ಕೆಲಸ ಮಾಡುವ ಪ್ರೋಟೀನುಗಳನ್ನು ಮೀನು ಮೊದಲೇ ತಯಾರಿಸಿ ಲೋಳೆಯಲ್ಲಿ, ಕಿವಿರಿನಲ್ಲಿ ಮತ್ತು ಕರುಳಿನ ಒಳಪದರದಲ್ಲಿ ಇಟ್ಟುಕೊಂಡಿರುತ್ತದೆ.

ಅವುಗಳಲ್ಲಿ ಹಳೆಯ ಪರಿಚಯದ್ದು ಲೈಸೊಜೈಮ್. 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಮನುಷ್ಯನ ಮೂಗಿನ ಸಿಂಬಳದಲ್ಲಿ ಮತ್ತು ಕಣ್ಣೀರಿನಲ್ಲಿ ಗುರುತಿಸಿದ ಕಿಣ್ವವಿದು. ಮೀನಿನ ಲೋಳೆಯಲ್ಲೂ ಇದೆ. ಬ್ಯಾಕ್ಟೀರಿಯಾದ ಕೋಶಭಿತ್ತಿಯಲ್ಲಿ ಎರಡು ಬಗೆಯ ಸಕ್ಕರೆ ಘಟಕಗಳು ಒಂದಾದ ಮೇಲೊಂದರಂತೆ ಕೂಡಿಕೊಂಡಿರುತ್ತವೆ. ಆ ಕೂಡಿಕೆಯನ್ನು ಲೈಸೊಜೈಮ್ ಕತ್ತರಿಸಿದೊಡನೆ ಒಳಗಿನ ಒತ್ತಡ ತಾಳದೆ ಕೋಶ ಒಡೆಯುತ್ತದೆ. ಆದರೆ ಹೊಂಡಗಳಲ್ಲಿ ನಮ್ಮನ್ನು ಕಾಡುವ ಏರೊಮೊನಾಸ್, ಎಡ್ವರ್ಡ್ಸಿಯೆಲ್ಲಾ ಮುಂತಾದವು ಗ್ರಾಂ ಋಣ ಎಂಬ ಗುಂಪಿನ ಬ್ಯಾಕ್ಟೀರಿಯಾಗಳು. ಅವುಗಳ ಭಿತ್ತಿಯ ಹೊರಗೆ ಇನ್ನೊಂದು ಪೊರೆ ಇರುವುದರಿಂದ ಲೈಸೊಜೈಮ್ ಒಂದೇ ಹೋಗಿ ಅವನ್ನು ಕೆಡಹುವುದು ಕಷ್ಟ. ಆ ಹೊರಪೊರೆಯನ್ನು ಹರಿಯುವವು ಬೇರೆ: ಪೆಪ್ಟೈಡು ಎಂದು ಕರೆಯುವ ತೀರಾ ಚಿಕ್ಕ ಪ್ರೋಟೀನುಗಳು.

ಎಷ್ಟು ಚಿಕ್ಕವು ಎಂದರೆ ಪಿಸಿಡಿನ್ ಎಂಬುದರಲ್ಲಿ ಪ್ರೋಟೀನಿನ ಬಿಡಿ ಘಟಕಗಳಾದ ಅಮೈನೋ ಆಮ್ಲಗಳು 22 ಇವೆ, ಪ್ಲೂರೊಸಿಡಿನ್‌ನಲ್ಲಿ 25, ಪಾರ್ಡಾಕ್ಸಿನ್‌ನಲ್ಲಿ 33. ಪಾರ್ಡಾಕ್ಸಿನ್ ಸಿಕ್ಕಿದ್ದು ಕೆಂಪು ಸಮುದ್ರದ ಮೋಸೆಸ್ ಸೋಲ್ ಎಂಬ ಚಪ್ಪಟೆ ಮೀನಿನಿಂದ. ಈ ಮೀನು ಸೂಸುವ ಹಾಲಿನಂಥ ದ್ರವಕ್ಕೆ ಶಾರ್ಕ್ ಕೂಡ ಬಾಯಿ ತೆರೆದು ಹಿಂದೆ ಸರಿಯುತ್ತದೆ ಎಂಬುದನ್ನು ಸಾಗರ ಜೀವಶಾಸ್ತ್ರಜ್ಞೆ ಯೂಜೀನಿ ಕ್ಲಾರ್ಕ್ 1970ರ ದಶಕದಲ್ಲಿ ಗಮನಿಸಿದ್ದರು. ಅದರೊಳಗಿನ ಪೆಪ್ಟೈಡಿಗೆ ಬ್ಯಾಕ್ಟೀರಿಯಾವನ್ನೂ ಕೊಲ್ಲುವ ಗುಣವಿರುವುದು ನಂತರ ತಿಳಿಯಿತು. ಪ್ಲೂರೊಸಿಡಿನ್ 1997ರಲ್ಲಿ ವಿಂಟರ್ ಫ್ಲೌಂಡರ್ ಎಂಬ ಇನ್ನೊಂದು ಚಪ್ಪಟೆ ಮೀನಿನ ಚರ್ಮದ ಲೋಳೆಯಿಂದ ಬಂತು. ಪಿಸಿಡಿನ್ 2001ರಲ್ಲಿ ಹೈಬ್ರಿಡ್ ಸ್ಟ್ರೈಪ್ಡ್ ಬ್ಯಾಸ್ ಮೀನಿನ ಮಾಸ್ಟ್ ಕೋಶಗಳೆಂಬ ರೋಗರಕ್ಷಣಾ ಕೋಶಗಳಲ್ಲಿ ಕಂಡಿತು.

ಇವು ಕೊಲ್ಲುವ ಬಗೆಯನ್ನು ತುಸು ನಿಧಾನವಾಗಿ ಹೇಳಬೇಕು. ಈ ಪೆಪ್ಟೈಡುಗಳಲ್ಲಿ ಲೈಸಿನ್, ಆರ್ಜಿನಿನ್ ಎಂಬ ಅಮೈನೋ ಆಮ್ಲಗಳು ಹೆಚ್ಚಾಗಿರುವುದರಿಂದ ಅವುಗಳ ಮೇಲೆ ಧನ ವಿದ್ಯುದಂಶ ಇರುತ್ತದೆ. ಬ್ಯಾಕ್ಟೀರಿಯಾದ ಪೊರೆಯಲ್ಲಿರುವ ಫಾಸ್ಫಟಿಡಿಲ್ ಗ್ಲಿಸರಾಲ್, ಕಾರ್ಡಿಯೊಲಿಪಿನ್ ಎಂಬ ಕೊಬ್ಬುಗಳದ್ದು ಋಣ ವಿದ್ಯುದಂಶ. ಗ್ರಾಂ ಋಣ ಬ್ಯಾಕ್ಟೀರಿಯಾದ ಹೊರಪೊರೆಯ ಮೇಲೆ ಫಾಸ್ಫೇಟ್ ಗುಂಪುಗಳುಳ್ಳ ಲಿಪೊಪಾಲಿಸ್ಯಾಕರೈಡ್ ಎಂಬ ಕೊಬ್ಬು-ಸಕ್ಕರೆಗಳ ಅಣು ಇದ್ದು, ಆ ಗುಂಪುಗಳನ್ನು ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಅಯಾನುಗಳು ಒಂದಕ್ಕೊಂದು ಬಿಗಿದು ಹಿಡಿದಿರುತ್ತವೆ. ಪೆಪ್ಟೈಡು ಬಂದು ಆ ಅಯಾನುಗಳ ಜಾಗವನ್ನು ಆಕ್ರಮಿಸಿದೊಡನೆ ಹೊರಪೊರೆ ಸಡಿಲವಾಗುತ್ತದೆ. ನೀರಿನಲ್ಲಿದ್ದಾಗ ಗೊತ್ತಾದ ಆಕಾರವಿಲ್ಲದ ಈ ಪೆಪ್ಟೈಡು ಪೊರೆಯನ್ನು ಮುಟ್ಟಿದ ಮೇಲೆ ಸುರುಳಿಯಾಗಿ ಮಡಚಿಕೊಳ್ಳುತ್ತದೆ. ಸುರುಳಿಯ ಒಂದು ಮಗ್ಗುಲು ನೀರಿಗೆ ಒಲಿಯುವಂಥದ್ದು, ಇನ್ನೊಂದು ಮಗ್ಗುಲು ಕೊಬ್ಬಿಗೆ ಒಲಿಯುವಂಥದ್ದು. ಕೊಬ್ಬಿಗೆ ಒಲಿಯುವ ಮಗ್ಗುಲು ಪೊರೆಯೊಳಗೆ ಹೂತುಕೊಂಡು, ಸಾಕಷ್ಟು ಪೆಪ್ಟೈಡುಗಳು ಒಂದೆಡೆ ಸೇರಿದಾಗ ಪೊರೆಯಲ್ಲಿ ರಂಧ್ರವಾಗುತ್ತದೆ, ಇಲ್ಲವೇ ನೆಲಕ್ಕೆ ಜಮಖಾನೆ ಹಾಸಿದಂತೆ ಪೊರೆಯನ್ನೆಲ್ಲ ಮುಚ್ಚಿ ಅದನ್ನು ತುಂಡುತುಂಡಾಗಿ ಬಿಡಿಸಿಬಿಡುತ್ತದೆ. ಒಳಗಿನ ಪೊಟ್ಯಾಸಿಯಂ ಸೋರಿಹೋಗಿ, ಪೊರೆಯ ಎರಡೂ ಕಡೆಯ ವಿದ್ಯುತ್ ಅಂತರ ಅಳಿದು, ಬ್ಯಾಕ್ಟೀರಿಯಾ ನಿಮಿಷಗಳಲ್ಲಿ ಸಾಯುತ್ತದೆ.

ಮೀನಿನ ಸ್ವಂತ ಕೋಶಗಳು ಇದರಿಂದ ಏಕೆ ಸಾಯುವುದಿಲ್ಲ ಎಂದು ನೀವು ಕೇಳಬಹುದು. ಪ್ರಾಣಿಕೋಶದ ಪೊರೆಯ ಹೊರಮುಖದಲ್ಲಿರುವ ಕೊಬ್ಬುಗಳಿಗೆ ಒಟ್ಟಿನಲ್ಲಿ ವಿದ್ಯುದಂಶವಿಲ್ಲ. ಜೊತೆಗೆ ಕೊಲೆಸ್ಟರಾಲ್ ಆ ಪೊರೆಯನ್ನು ಗಟ್ಟಿಗೊಳಿಸುತ್ತದೆ. ಹೀಗಾಗಿ ಪೆಪ್ಟೈಡಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಆದರೆ ಈ ರಕ್ಷಣೆ ಪ್ರಮಾಣಕ್ಕೆ ಒಳಪಟ್ಟದ್ದು; ಪ್ರಮಾಣ ಹೆಚ್ಚಾದರೆ ಪಾರ್ಡಾಕ್ಸಿನ್ನೂ ಪಿಸಿಡಿನ್ನೂ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಹಿನ್ನೀರಿನ ಮೀನುಗಾರ, ಬೀಳಗಿ

ಗುರುಗಳು ವಿವರಿಸಿದ್ದು ನಮ್ಮ ಅನುಭವಕ್ಕೂ ಹೊಂದುತ್ತದೆ. ಆಲಮಟ್ಟಿ ಹಿನ್ನೀರಿನಲ್ಲಿ ಕಿವಿರು ಬಲೆಗೆ ಸಿಕ್ಕು ತಪ್ಪಿಸಿಕೊಂಡ ಮೀನು ಕೆಲವು ದಿನಗಳ ಮೇಲೆ ಮತ್ತೆ ಬಲೆಗೆ ಬೀಳುವುದುಂಟು. ಅದರ ಕುತ್ತಿಗೆಯ ಸುತ್ತ ನೂಲು ಉಜ್ಜಿದ ಗೆರೆ ಕಾಣುತ್ತದೆ, ಹತ್ತಿಯಂಥ ಬೂಸು ಸರಿಯಾಗಿ ಆ ಗೆರೆಯ ಉದ್ದಕ್ಕೇ ಹಿಡಿದಿರುತ್ತದೆ. ಅರ್ಧ ಬೆರಳಿನಷ್ಟು ಆಚೆಗೆ, ಲೋಳೆ ಉಳಿದ ಕಡೆ, ಮೈ ನುಣ್ಣಗೆ ಚೊಕ್ಕವಾಗಿರುತ್ತದೆ. ಹರಿಗೋಲಿನಲ್ಲಿ ಕೂತು ಬಲೆಯಿಂದ ಮೀನು ಬಿಡಿಸುವಾಗ ಒಣಗೈಯಲ್ಲಿ ಹಿಡಿದರೆ ಅಂಗೈಗೆ ಲೋಳೆ ಅಂಟಿ ಬರುತ್ತದೆ. ಬಿತ್ತನೆಗೆ ಬೇಕಾದ ಮೀನನ್ನು ಕೈ ತೋಯಿಸಿಕೊಂಡೇ ಹಿಡಿಯಬೇಕೆಂದು ನಮ್ಮಲ್ಲಿ ಮೊದಲಿನಿಂದ ಹೇಳುತ್ತಾರೆ.

ನನ್ನದೊಂದು ಪ್ರಶ್ನೆ ಇದೆ. ಹುರುಪೆಯೇ ಇಲ್ಲದ ಮೀಸೆ ಮೀನುಗಳು ಕೆಸರಿನಲ್ಲಿ ಹೊರಳಾಡಿದರೂ, ಒಂದರ ಮುಳ್ಳು ಇನ್ನೊಂದಕ್ಕೆ ಚುಚ್ಚಿದರೂ ಬೇಗ ಮಾಯುತ್ತವೆ. ಬೂದಿ ಹಚ್ಚಿ ತಿಕ್ಕದೆ ಅವುಗಳ ಲೋಳೆ ಹೋಗುವುದೇ ಇಲ್ಲ. ಅವುಗಳಲ್ಲಿ ಈ ಪೆಪ್ಟೈಡು ಹೆಚ್ಚಾಗಿ ಇರುತ್ತದೆಯೇ?

ಸೂಕ್ಷ್ಮಜೀವಿಶಾಸ್ತ್ರ ಅಧ್ಯಾಪಕ, ಬೆಳಗಾವಿ

ಅಣ್ಣಾವರೆ, ನಮ್ಮ ಕೃಷ್ಣೆಯ ಮೀಸೆ ಮೀನುಗಳ ಬಗ್ಗೆ ಹೆಚ್ಚು ಕಡಿಮೆಯ ಲೆಕ್ಕ ಕೊಡಲಾರೆ. ಆದರೆ ಪೂರ್ವ ಏಷ್ಯಾದ ಅಮೂರ್ ಮೀಸೆ ಮೀನಿನಲ್ಲಿ 1998ರಲ್ಲಿ ಕೊರಿಯಾದ ವಿಜ್ಞಾನಿಗಳು ಕಂಡ ಪ್ಯಾರಾಸಿನ್ ಎಂಬ ಪೆಪ್ಟೈಡಿನ ಕಥೆ ನಿಮ್ಮ ಪ್ರಶ್ನೆಗೆ ಹತ್ತಿರದ್ದು. ಎಲ್ಲ ಪ್ರಾಣಿಗಳ ಕೋಶಕೇಂದ್ರದಲ್ಲೂ ಡಿಎನ್‌ಎ ಸುತ್ತಿಡಲು ಹಿಸ್ಟೋನ್ ಎಂಬ ಪ್ರೋಟೀನುಗಳಿವೆ. ಈ ಮೀನು ತನ್ನ ಚರ್ಮದ ಕೋಶಗಳಲ್ಲಿ ಕೇಂದ್ರದ ಹೊರಗೂ ಎಚ್2ಎ ಎಂಬ ಹಿಸ್ಟೋನನ್ನು ಕೂಡಿಟ್ಟಿರುತ್ತದೆ. ಚರ್ಮಕ್ಕೆ ಗಾಯವಾದೊಡನೆ ಕ್ಯಾಥೆಪ್ಸಿನ್ ಡಿ ಎಂಬ ಕಿಣ್ವ ಚುರುಕಾಗಿ, ಆ ಹಿಸ್ಟೋನಿನ ತುದಿಯಿಂದ 19 ಅಮೈನೋ ಆಮ್ಲಗಳ ತುಂಡೊಂದನ್ನು ಕತ್ತರಿಸುತ್ತದೆ; ಆ ತುಂಡೇ ಪ್ಯಾರಾಸಿನ್. ಗಾಯವಾಗುವವರೆಗೆ ಅದು ಡಿಎನ್‌ಎ ಸುತ್ತುವ ಸಾಧಾರಣ ಪ್ರೋಟೀನಿನ ಭಾಗ, ಗಾಯವಾದ ಮೇಲೆ ಬ್ಯಾಕ್ಟೀರಿಯಾದ ಪೊರೆ ಹರಿಯುವ ಆಯುಧ. ಬೇರೆಯದೇ ಆಯುಧಶಾಲೆ ಕಟ್ಟದೆ ಮನೆಯಲ್ಲಿದ್ದ ಸಾಮಾನಿನಿಂದಲೇ ಕೆಲಸ ಸಾಗಿಸುವ ಈ ಮಿತವ್ಯಯ ನನಗೆ ಇಡೀ ವಿಷಯದಲ್ಲಿ ಅತ್ಯಂತ ಮೆಚ್ಚುಗೆಯಾದ ಭಾಗ.

ಎಲ್ಲ ಪೆಪ್ಟೈಡುಗಳೂ ಪೊರೆಯಲ್ಲೇ ಕೆಲಸ ಮುಗಿಸುತ್ತವೆ ಎಂದು ತಿಳಿಯಬಾರದು. ಪ್ಲೂರೊಸಿಡಿನ್ ಕಡಿಮೆ ಪ್ರಮಾಣದಲ್ಲಿದ್ದಾಗ ಪೊರೆಯನ್ನು ಹರಿಯದೆ ಒಳಹೊಕ್ಕು, ಬ್ಯಾಕ್ಟೀರಿಯಾ ಡಿಎನ್‌ಎ ಮತ್ತು ಆರ್‌ಎನ್‌ಎ ತಯಾರಿಸುವುದನ್ನೇ ತಡೆಯುತ್ತದೆ. ಹೆಪ್ಸಿಡಿನ್ ಎಂಬ ಇನ್ನೊಂದು ಪೆಪ್ಟೈಡು ಮನುಷ್ಯರಲ್ಲೂ ಇದೆ, ಮೀನಿನಲ್ಲೂ ಇದೆ. ಮನುಷ್ಯರಲ್ಲಿ ಅದರ ಮುಖ್ಯ ಕೆಲಸ ರಕ್ತಕ್ಕೆ ಬರುವ ಕಬ್ಬಿಣಾಂಶವನ್ನು ಹಿಡಿತದಲ್ಲಿಡುವುದು. ಕಬ್ಬಿಣ ಸಿಗದ ಬ್ಯಾಕ್ಟೀರಿಯಾ ಹೆಚ್ಚುವುದಿಲ್ಲ, ಹಾಗಾಗಿ ಇದೂ ಪರೋಕ್ಷವಾಗಿ ಒಂದು ಬಗೆಯ ರಕ್ಷಣೆಯೇ.

ಔಷಧ ವಿತರಕಿ, ಬಾಗಲಕೋಟೆ

ಸರ್, ವಿವರಣೆ ಚೆನ್ನಾಗಿದೆ, ಆದರೆ ಔಷಧದ ಕಪಾಟಿನ ಮುಂದೆ ನಿಲ್ಲುವವಳಾಗಿ ನನಗೆ ಕೆಲವು ಸಂದೇಹಗಳಿವೆ. ಸಾಲ್ಮನ್ ಮೀನಿನ ವೀರ್ಯದಿಂದ ತೆಗೆದ ಪ್ರೋಟಮಿನ್ ಎಂಬ ಪ್ರೋಟೀನು ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಅದನ್ನು ಕೊಡುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದಿನ ಪರಿಣಾಮ ಇಳಿಸುವುದಕ್ಕೆ, ಸೋಂಕಿಗಲ್ಲ. ಮೀನಿನ ಪೆಪ್ಟೈಡು ಅಷ್ಟು ಬಲವಾದದ್ದಾದರೆ, ಸೋಂಕಿಗೆ ಕೊಡುವ ಔಷಧವಾಗಿ ಅದು ನಮ್ಮ ಅಂಗಡಿಗೆ ಏಕೆ ಬಂದಿಲ್ಲ? ಇನ್ನೊಂದು: ಬ್ರೆಜಿಲ್‌ನಲ್ಲಿ ಸುಟ್ಟ ಗಾಯಗಳಿಗೆ ತಿಲಾಪಿಯಾ ಮೀನಿನ ಚರ್ಮ ಹೊದಿಸುವ ಚಿತ್ರಗಳು ಮೊಬೈಲಿನಲ್ಲಿ ಹರಿದಾಡಿದ ಮೇಲೆ, ಮನೆಯಲ್ಲಿ ಸುಟ್ಟುಕೊಂಡವರು ಹಸಿ ಮೀನಿನ ಚರ್ಮ ಕಟ್ಟಿಕೊಳ್ಳಬಹುದೇ ಎಂದು ಕೇಳುತ್ತಿದ್ದಾರೆ. ಮೃಗಶಿರಾ ಮಳೆ ಬಂತೆಂದರೆ ಉಬ್ಬಸಕ್ಕೆ ಜೀವಂತ ಮೀನಿನ ಮರಿ ನುಂಗಲು ಹೊರಡುವವರು ಬೇರೆ. ಇದಕ್ಕೆಲ್ಲ ಈ ಪೆಪ್ಟೈಡಿನ ಹೆಸರನ್ನು ಎಳೆದು ತರುವವರಿಗೆ ಏನು ಉತ್ತರ ಹೇಳಬೇಕು?

ಸೂಕ್ಷ್ಮಜೀವಿಶಾಸ್ತ್ರ ಅಧ್ಯಾಪಕ, ಬೆಳಗಾವಿ

ಮೇಡಂ, ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಉಬ್ಬಸ ಬ್ಯಾಕ್ಟೀರಿಯಾದ ರೋಗವಲ್ಲ. ನುಂಗಿದ ಮೀನಿನ ಪೆಪ್ಟೈಡನ್ನು ಹೊಟ್ಟೆಯ ಪೆಪ್ಸಿನ್, ಕರುಳಿನ ಟ್ರಿಪ್ಸಿನ್ ಎಂಬ ಕಿಣ್ವಗಳು ಬೇರೆ ಯಾವ ಪ್ರೋಟೀನಿನ ಹಾಗೆಯೇ ಜೀರ್ಣಿಸಿಬಿಡುತ್ತವೆ. ಟ್ರಿಪ್ಸಿನ್ ಕತ್ತರಿಸುವುದೇ ಲೈಸಿನ್, ಆರ್ಜಿನಿನ್ ಇರುವ ಕಡೆ, ಆದ್ದರಿಂದ ಇವು ಅದಕ್ಕೆ ಇನ್ನೂ ಸುಲಭದ ತುತ್ತು. ಬ್ರೆಜಿಲ್‌ನ ಸಿಯಾರಾ ರಾಜ್ಯದ ಫೋರ್ಟಲೇಜಾದಲ್ಲಿ ನಡೆದ ಚಿಕಿತ್ಸೆ ನಿಜ. ಅಲ್ಲಿ ಬಳಸಿದ್ದು ಸಂಸ್ಕರಿಸಿ, ಕ್ರಿಮಿಮುಕ್ತಗೊಳಿಸಿ, ಪರೀಕ್ಷಿಸಿದ ಚರ್ಮ, ಅದರ ಉಪಯೋಗ ಮುಖ್ಯವಾಗಿ ಕೊಲಾಜೆನ್ ತುಂಬಿದ ತೇವದ ಹೊದಿಕೆಯಾಗಿ. ಮಾರುಕಟ್ಟೆಯಿಂದ ತಂದ ಹಸಿ ಚರ್ಮದ ಮೇಲೆ ಏರೊಮೊನಾಸ್ ಇರುವ ಸಂಭವವೇ ಹೆಚ್ಚು. ಅದನ್ನು ಸುಟ್ಟ ಗಾಯಕ್ಕೆ ಕಟ್ಟುವುದೆಂದರೆ ಸೋಂಕನ್ನು ಕರೆದು ಕೂರಿಸಿದ ಹಾಗೆ.

ಔಷಧವಾಗದಿರುವುದಕ್ಕೆ ಕಾರಣಗಳು ಹಲವು. ರಕ್ತದಲ್ಲಿ ಕಿಣ್ವಗಳು ಇವನ್ನು ಬೇಗ ಒಡೆಯುತ್ತವೆ. ಒಡೆಯದಷ್ಟು ಹೆಚ್ಚು ಕೊಟ್ಟರೆ ನಮ್ಮ ಕೋಶಗಳಿಗೂ ಪೆಟ್ಟಾಗುತ್ತದೆ. ಅಮೈನೋ ಆಮ್ಲಗಳನ್ನು ಒಂದೊಂದಾಗಿ ಪೋಣಿಸಿ ತಯಾರಿಸುವ ವೆಚ್ಚ ಸಾಮಾನ್ಯ ಆಂಟಿಬಯೋಟಿಕ್‌ಗಿಂತ ಬಹಳ ಹೆಚ್ಚು. ಬ್ಯಾಕ್ಟೀರಿಯಾದ ಕೈಯಿಂದಲೇ ತಯಾರಿಸಲು ಹೋದರೆ ಪೆಪ್ಟೈಡು ತನ್ನನ್ನು ತಯಾರಿಸುವ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ, ಹಾಗಾಗಿ ಬೇರೊಂದು ಪ್ರೋಟೀನಿಗೆ ಅಂಟಿಸಿ, ಆಮೇಲೆ ಬಿಡಿಸಿಕೊಳ್ಳಬೇಕಾಗುತ್ತದೆ. ಕಪ್ಪೆಯ ಚರ್ಮದಲ್ಲಿ 1987ರಲ್ಲಿ ಮೈಕೆಲ್ ಜಾಸ್ಲಾಫ್ ಕಂಡ ಮಗೈನಿನ್ ಎಂಬ ಇಂಥದೇ ಪೆಪ್ಟೈಡಿನಿಂದ ರೂಪಿಸಿದ ಪೆಕ್ಸಿಗನಾನ್ ಎಂಬ ಮುಲಾಮು ಮಧುಮೇಹಿಗಳ ಕಾಲಿನ ಹುಣ್ಣಿಗೆಂದು ಕೊನೆಯ ಹಂತದ ಪರೀಕ್ಷೆಯವರೆಗೂ ಹೋಗಿ, 1999ರಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಸಿಗದೆ ನಿಂತಿತು. ಪ್ರೋಟಮಿನ್ ಮಾತ್ರ ಜಪಾನಿನಲ್ಲಿ ಆಹಾರ ಕೆಡದಂತೆ ತಡೆಯುವ ಪದಾರ್ಥವಾಗಿಯೂ ಬಳಕೆಯಾಗಿದೆ. 1874ರಲ್ಲಿ ರೈನ್ ನದಿಯ ಸಾಲ್ಮನ್‌ನಿಂದ ಅದನ್ನು ಬೇರ್ಪಡಿಸಿದವರು ಫ್ರೀಡ್ರಿಕ್ ಮೀಶರ್. ಹೆಪಾರಿನ್ ಕೂಡ ಬಲವಾದ ಋಣ ವಿದ್ಯುದಂಶದ್ದೇ. ಆರ್ಜಿನಿನ್ ತುಂಬಿದ ಪ್ರೋಟಮಿನ್ ಅದಕ್ಕೆ ಅಂಟಿಕೊಳ್ಳುವುದೂ ಬ್ಯಾಕ್ಟೀರಿಯಾಕ್ಕೆ ಅಂಟಿಕೊಳ್ಳುವುದೂ ಒಂದೇ ಕಾರಣಕ್ಕೆ.

ಹೊಂಡದ ರೈತ, ಬಸವನ ಬಾಗೇವಾಡಿ

ಹಾಗಾದರೆ ನೈಸರ್ಗಿಕವಾದ ಈ ಪ್ರೋಟೀನಿಗೆ ಬ್ಯಾಕ್ಟೀರಿಯಾ ಎಂದೂ ಒಗ್ಗಿಕೊಳ್ಳಲಾರದು ಎಂದು ಒಬ್ಬರು ಹೇಳಿದ್ದನ್ನು ನಂಬಬಹುದೇ? ಮೀನು ಮಾರುಕಟ್ಟೆಯಲ್ಲಿ ಸಿಗುವ ಲೋಳೆಯನ್ನೇ ಸಂಗ್ರಹಿಸಿ ಹೊಂಡಕ್ಕೆ ಬಿಟ್ಟರೆ ಹೇಗೆ?

ಸೂಕ್ಷ್ಮಜೀವಿಶಾಸ್ತ್ರ ಅಧ್ಯಾಪಕ, ಬೆಳಗಾವಿ

ಎರಡಕ್ಕೂ ನನ್ನ ಉತ್ತರ ಖಂಡಿತ ಬೇಡ ಎಂಬುದೇ. ಹೊಂಡದಷ್ಟು ನೀರಿನಲ್ಲಿ ಪೆಪ್ಟೈಡು ಕರಗಿ ಕೆಲಸಕ್ಕೆ ಬಾರದಷ್ಟು ತೆಳುವಾಗುತ್ತದೆ, ಆದರೆ ಸತ್ತ ಮೀನಿನ ಲೋಳೆಯೊಡನೆ ಬಂದ ರೋಗಾಣು ತೆಳುವಾಗಿ ಉಳಿಯುವುದಿಲ್ಲ, ಅದು ಬೆಳೆಯುತ್ತದೆ.

ಒಗ್ಗಿಕೊಳ್ಳುವ ಮಾತಿಗೆ ಬಂದರೆ, ಪೊರೆಯ ರಚನೆಯನ್ನೇ ಬದಲಿಸುವುದು ಬ್ಯಾಕ್ಟೀರಿಯಾಕ್ಕೆ ಕಷ್ಟ, ಹಾಗಾಗಿ ಪ್ರತಿರೋಧ ನಿಧಾನವಾಗಿ ಬರುತ್ತದೆ ಎಂಬುದು ನಿಜ. ಬರುವುದೇ ಇಲ್ಲ ಎಂಬುದು ಸುಳ್ಳು. ಸ್ಟ್ಯಾಫಿಲೊಕಾಕಸ್ ತನ್ನ ಪೊರೆಯ ಕೊಬ್ಬಿಗೆ ಲೈಸಿನ್ ಸೇರಿಸಿ ಋಣ ವಿದ್ಯುದಂಶವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಪೆಪ್ಟೈಡನ್ನು ಕತ್ತರಿಸುವ ಕಿಣ್ವಗಳನ್ನು ಹೊರಗೆ ಸೂಸುತ್ತವೆ. ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಕೂಡ ಧನ ವಿದ್ಯುದಂಶದ ಪೆಪ್ಟೈಡೇ, ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದದ್ದು, ಅದೂ ಲಿಪೊಪಾಲಿಸ್ಯಾಕರೈಡಿನ ಫಾಸ್ಫೇಟನ್ನೇ ಹಿಡಿಯುತ್ತದೆ. ಹಂದಿ, ಕೋಳಿಗಳಿಗೆ ಮೇವಿನಲ್ಲಿ ಅದನ್ನು ಬೇಕಾಬಿಟ್ಟಿ ಹಾಕಿದ ಮೇಲೆ, ಆ ಫಾಸ್ಫೇಟನ್ನು ಮರೆಮಾಚುವ ಎಂಸಿಆರ್-1 ಎಂಬ ಜೀನು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತಿರುವುದು 2015ರಲ್ಲಿ ಚೀನಾದಿಂದ ವರದಿಯಾಯಿತು. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಕೋಳಿ, ಮೀನು ಸೇರಿದಂತೆ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸಿದ್ದು ಈ ಹಿನ್ನೆಲೆಯಲ್ಲೇ. ನಿಮ್ಮ ಪೊಟ್ಟಣದ ಮೇಲೆ ಏನು ಬರೆದಿದೆ ಎಂದು ಒಮ್ಮೆ ಓದಿ ನೋಡಿರಿ.

ಮೀನುಗಾರಿಕೆ ಪದವೀಧರೆ, ನಿಡಗುಂದಿ

ರೈತ ಬಾಂಧವರ ಮೂಲ ಪ್ರಶ್ನೆ ಹಿಂದೆ ಉಳಿಯಿತು. ಚಳಿಗಾಲ, ಕಾಟ್ಲಾಕ್ಕೆ ಹುಣ್ಣು, ಸಾಮಾನ್ಯ ಗೆಂಡೆಗೆ ಏನೂ ಇಲ್ಲ ಎಂಬ ಮೂರನ್ನು ಕೂಡಿಸಿ ನೋಡಿದರೆ ಮೊದಲು ಅನುಮಾನ ಹೋಗುವುದು ಇಯುಎಸ್ ಎಂಬ ಹುಣ್ಣು ರೋಗದ ಕಡೆಗೆ. 1988ರಲ್ಲಿ ಭಾರತಕ್ಕೆ ಕಾಲಿಟ್ಟ ರೋಗವಿದು. ಇದಕ್ಕೆ ಮೂಲ ಅಫನೊಮೈಸಿಸ್ ಎಂಬ ಶಿಲೀಂಧ್ರದಂಥ ಜೀವಿ. ಏರೊಮೊನಾಸ್ ಆಮೇಲೆ ಹುಣ್ಣಿನೊಳಗೆ ಸೇರಿಕೊಳ್ಳುತ್ತದೆ. ಮೂಲ ಇದೇ ಆಗಿದ್ದರೆ ಬ್ಯಾಕ್ಟೀರಿಯಾ ಕೊಲ್ಲುವ ಪುಡಿ ಅದನ್ನು ಮುಟ್ಟುವುದೂ ಇಲ್ಲ. ಗಾಯವಾದ ಮೀನನ್ನು ತೇವದ ಬಟ್ಟೆಯಲ್ಲಿ ಹಿಡಿದು, ಜಿಲ್ಲಾ ಮೀನುಗಾರಿಕೆ ಇಲಾಖೆಗೆ ತೋರಿಸಿ, ನೀರಿನ ಪಿಎಚ್ ಮತ್ತು ಕ್ಷಾರೀಯತೆ ಅಳೆಸಿದ ಮೇಲೆಯೇ ಹೊಂಡಕ್ಕೆ ಹಾಕುವ ಸುಣ್ಣದ ಪ್ರಮಾಣ ನಿರ್ಧರಿಸಿರಿ.

ಲೋಳೆಯಲ್ಲಿ ಪ್ರೋಟೀನು ಇದ್ದೂ ರೋಗ ಏಕೆ ಬಂತು ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಮರಿ ತಂದ ದಿನದಲ್ಲೇ ಇರುತ್ತದೆ. ಆಮ್ಲಜನಕ ತುಂಬಿದ ಚೀಲದಲ್ಲಿ ಮಿತಿಮೀರಿ ಮರಿ ತುರುಕಿ, ಬಿಸಿಲಲ್ಲಿ ಸಾಗಿಸಿ, ಚೀಲದ ನೀರಿಗೂ ಹೊಂಡದ ನೀರಿಗೂ ಹೊಂದಿಕೆಯಾಗುವ ಮೊದಲೇ ಸುರಿದಾಗ ಲೋಳೆ ಕಳಚುತ್ತದೆ. ಮರಿಯ ಮೈಯಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಏರಿ ರಕ್ಷಣಾ ಶಕ್ತಿಯೂ ಕುಗ್ಗುತ್ತದೆ. ಮೀನುಗಳನ್ನು ಇಕ್ಕಟ್ಟಿನಲ್ಲಿ ಇಟ್ಟಾಗ ಚರ್ಮದಲ್ಲಿನ ಹಿಸ್ಟೋನ್ ಬಗೆಯ ಪ್ರೋಟೀನು ಕಡಿಮೆಯಾದದ್ದನ್ನು ಅಳೆದು ತೋರಿಸಿದ್ದಾರೆ. ನೋಡಲು ಮರಿ ಚುರುಕಾಗಿಯೇ ಇರುತ್ತದೆ, ಮೈಮೇಲಿನ ಕಾವಲು ಮಾತ್ರ ಹೋಗಿರುತ್ತದೆ. ಇನ್ನು ರೋಗಾಣು ಕೊಲ್ಲಲೆಂದು ನೀರಿಗೆ ಪರ್ಮಾಂಗನೇಟ್ ಹಾಕಿದಷ್ಟೂ ಒಳ್ಳೆಯದು ಎಂದು ಬಣ್ಣ ಗಾಢವಾಗುವವರೆಗೆ ಸುರಿಯುವವರಿದ್ದಾರೆ. ಅದು ರೋಗಾಣುವನ್ನು ಸುಡುವ ಹಾಗೆಯೇ ಲೋಳೆಯನ್ನೂ ಕಿವಿರನ್ನೂ ಸುಡುತ್ತದೆ.

ಎಂ.ಎಸ್ಸಿ. ವಿದ್ಯಾರ್ಥಿನಿ, ವಿಜಯಪುರ

ಸರ್, ನನ್ನ ಪ್ರಾಜೆಕ್ಟಿಗೆ ಇದೇ ವಿಷಯವನ್ನು ಆರಿಸಿಕೊಂಡಿದ್ದೇನೆ. ಮಾರುಕಟ್ಟೆಗೆ ಜೀವಂತವಾಗಿ ಬಂದ ಕೊರವ ಮೀನಿನ ಬೆನ್ನಿನ ಲೋಳೆಯನ್ನು ಗಾಜಿನ ತಗಡಿನ ಅಂಚಿನಿಂದ ಮೆಲ್ಲಗೆ ಸವರಿ ತೆಗೆದು, ಒಂದು ಪಾಲನ್ನು ನೀರಿನಲ್ಲಿ, ಇನ್ನೊಂದು ಪಾಲನ್ನು ಅಸಿಟಿಕ್ ಆಮ್ಲದಲ್ಲಿ ಕರಗಿಸಿದೆ. ಈ. ಕೋಲಿ ಎಂಬ ಬ್ಯಾಕ್ಟೀರಿಯಾ ಹರಡಿದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಹೆಪ್ಪುಗಟ್ಟಿದ ಮಾಧ್ಯಮ) ತಟ್ಟೆಯಲ್ಲಿ ಕುಳಿ ಕೊರೆದು ಎರಡನ್ನೂ ಹಾಕಿದಾಗ ಆಮ್ಲದ ಸಾರದ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಸ್ಪಷ್ಟವಾದ ಬಯಲು ವಲಯ ಬಂದಿದೆ, ನೀರಿನ ಸಾರದ ಸುತ್ತ ಏನೂ ಬಂದಿಲ್ಲ. ಮಾರ್ಗದರ್ಶಕರು ನಿಯಂತ್ರಣ ಪರೀಕ್ಷೆಗಳನ್ನು ನೀನೇ ಯೋಚಿಸಿ ಪಟ್ಟಿ ಮಾಡು ಎಂದಿದ್ದಾರೆ. ಬರೀ ಅಸಿಟಿಕ್ ಆಮ್ಲದ ಕುಳಿಯೊಂದನ್ನು ಇಡುವುದು ಹೊಳೆದಿದೆ. ಇನ್ನೇನು ಬೇಕು?

ಸೂಕ್ಷ್ಮಜೀವಿಶಾಸ್ತ್ರ ಅಧ್ಯಾಪಕ, ಬೆಳಗಾವಿ

ತಂಗಿ, ಸರಿಯಾದ ಜಾಗದಿಂದಲೇ ಆರಂಭಿಸಿದ್ದೀಯಮ್ಮ. ಧನ ವಿದ್ಯುದಂಶದ ಪೆಪ್ಟೈಡುಗಳು ಲೋಳೆಗೆ ಅಂಟುತನ ಕೊಡುವ ಮ್ಯೂಸಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಆಮ್ಲದಲ್ಲಿ ಚೆನ್ನಾಗಿ ಬಿಡಿಸಿಕೊಳ್ಳುತ್ತವೆ, ಬೇರೆ ಮೀನುಗಳಲ್ಲೂ ಆಮ್ಲದ ಸಾರವೇ ಹೆಚ್ಚು ಪರಿಣಾಮ ತೋರಿಸಿದೆ. ಆದರೆ ಆಮ್ಲ ಉಳಿದಿದ್ದರೆ ಅದೇ ಈ. ಕೋಲಿಯನ್ನು ಕೊಲ್ಲುತ್ತದೆ. ಸಾರವನ್ನು ಒಣಗಿಸಿ, ಮತ್ತೆ ನೀರಿನಲ್ಲಿ ಕರಗಿಸಿ, ಪಿಎಚ್ ಏಳರ ಆಸುಪಾಸಿಗೆ ತಂದ ಮೇಲೆ ಹಾಕು. ಬರೀ ಆಮ್ಲದ ನಿಯಂತ್ರಣವನ್ನೂ ಅದೇ ದಾರಿಯಲ್ಲಿ ಒಣಗಿಸಿ ತಂದಿರಬೇಕು.

ಲೋಳೆಯಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳೂ ಒಂದನ್ನೊಂದು ಕೊಲ್ಲುವ ಪದಾರ್ಥಗಳನ್ನು ಸೂಸುತ್ತವೆ. ಅವು ತಟ್ಟೆಯ ಮೇಲೆ ಬೆಳೆದು ಹೊಸದಾಗಿ ಸೂಸದಂತೆ ಸಾರವನ್ನು 0.22 ಮೈಕ್ರಾನಿನ ಸೋಸುಕದಲ್ಲಿ ಸೋಸು, ಆದರೆ ಮೊದಲೇ ಸೂಸಿಟ್ಟದ್ದು ಸೋಸುಕವನ್ನು ದಾಟುತ್ತದೆ ಎಂಬುದನ್ನು ವರದಿಯಲ್ಲಿ ಬರೆ. ಒಂದು ಪಾಲಿಗೆ ಟ್ರಿಪ್ಸಿನ್ ಹಾಕಿ ಇಟ್ಟು, ಆಮೇಲೆ ಟ್ರಿಪ್ಸಿನ್ ತಡೆಯುವ ಪದಾರ್ಥ ಸೇರಿಸಿ ಪರೀಕ್ಷಿಸಿದಾಗ ವಲಯ ಮಾಯವಾದರೆ ಕೊಂದದ್ದು ಪ್ರೋಟೀನು ಎನ್ನಬಹುದು. ಇನ್ನೊಂದು ಪಾಲನ್ನು ಕುದಿಸು; ಚಿಕ್ಕ ಪೆಪ್ಟೈಡುಗಳು ಸಾಮಾನ್ಯವಾಗಿ ಕುದಿ ತಾಳುತ್ತವೆ, ದೊಡ್ಡ ಕಿಣ್ವಗಳಲ್ಲಿ ಹೆಚ್ಚಿನವು ತಾಳುವುದಿಲ್ಲ.

ಇನ್ನೊಂದು ಸಂಗತಿ ತಟ್ಟೆಯದು. ಸಾದಾ ಅಗಾರ್‌ನಲ್ಲಿ ಋಣ ವಿದ್ಯುದಂಶದ ಸಲ್ಫೇಟ್ ಗುಂಪುಗಳಿರುತ್ತವೆ, ನಿನ್ನ ಪೆಪ್ಟೈಡು ಬ್ಯಾಕ್ಟೀರಿಯಾವನ್ನು ತಲುಪುವ ಮೊದಲೇ ಅದಕ್ಕೆ ಅಂಟಿಕೊಂಡು ವಲಯ ಕಿರಿದಾಗುತ್ತದೆ. ನೀರಿನ ಸಾರದ ಸುತ್ತ ಏನೂ ಕಾಣದಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ನಿಮ್ಮ ವಿಭಾಗದಲ್ಲಿ ಡಿಎನ್‌ಎ ಓಡಿಸಲು ತರಿಸಿದ, ಅಂಥ ಗುಂಪುಗಳು ತೀರಾ ಕಡಿಮೆ ಇರುವ ಅಗರೋಸ್ ಇದ್ದೇ ಇರುತ್ತದೆ. ಸ್ವಲ್ಪ ಕೇಳಿ ಪಡೆದು, ತೆಳುವಾದ ಪದರ ಎರೆದು, ಎರಡೂ ಸಾರಗಳನ್ನು ಅದರ ಮೇಲೆ ಮತ್ತೊಮ್ಮೆ ಪರೀಕ್ಷಿಸಿ ನೋಡು.

ಎಂ.ಎಸ್ಸಿ. ವಿದ್ಯಾರ್ಥಿನಿ, ವಿಜಯಪುರ

ಅಗರೋಸ್ ಸಿಗುತ್ತದೆ ಸರ್, ಪ್ರಯೋಗಾಲಯದ ಸಹಾಯಕರನ್ನು ಕೇಳಿದ್ದೇನೆ. ಈ. ಕೋಲಿಯ ಜೊತೆಗೆ, ರೈತ ಅಣ್ಣಾವರು ಒಪ್ಪಿದರೆ, ಅವರ ಕಾಟ್ಲಾದ ಹುಣ್ಣಿನಿಂದ ಬೇರ್ಪಡಿಸಿದ ಏರೊಮೊನಾಸ್ ಮೇಲೂ ಪರೀಕ್ಷಿಸಬೇಕೆಂದಿದ್ದೇನೆ.

ಹೊಂಡದ ರೈತ, ಬಸವನ ಬಾಗೇವಾಡಿ

ಅವಶ್ಯವಾಗಿ ಬರ್ರಿ ತಂಗಿ. ಪೊಟ್ಟಣದ ಮೇಲೆ ಔಷಧದ ಹೆಸರೇ ಇಲ್ಲ, ಕಂಪನಿಯ ಬಣ್ಣದ ಚಿತ್ರ ಮಾತ್ರ ಇದೆ, ಅದನ್ನು ಒಡೆದಿಲ್ಲ. ಸೋಮವಾರ ಇಲಾಖೆಗೆ ಮೀನು ಒಯ್ಯುತ್ತಿದ್ದೇನೆ, ಹುಣ್ಣಿರುವ ಒಂದನ್ನು ನಿಮಗೂ ತೆಗೆದಿಡುತ್ತೇನೆ.